ಹೊಸ ಕನ್ಸೋಲ್ ಬಂದಾಗ ಹಳೆ ಗೇಮ್‌ಗಳ ಗತಿ ಏನು?

ಹೊಸ ಗೇಮ್ ಕನ್ಸೋಲ್ ಬರುತ್ತಿದೆ ಎಂಬ ಸುದ್ದಿ ಹೊರಬಿದ್ದರೆ ಸಾಕು, ಎರಡು ಪ್ರಶ್ನೆಗಳು ಎದ್ದು ನಿಲ್ಲುತ್ತವೆ. ಬೆಲೆ ಎಷ್ಟು? ನನ್ನ ಹತ್ತಿರ ಇರುವ ಗೇಮ್‌ಗಳು ಅದರಲ್ಲಿ ಓಡುತ್ತವಾ? ಬೆಲೆಯ ಉತ್ತರ ಒಂದು ಸಂಖ್ಯೆಯಲ್ಲಿ ಮುಗಿಯುತ್ತದೆ. ಎರಡನೆಯದಕ್ಕೂ ಕಂಪನಿಗಳು ಒಂದೇ ಮಾತಲ್ಲಿ ಹೂಂ ಅಂದುಬಿಡುತ್ತವೆ. ಆ ಹೂಂಕಾರವನ್ನು ಸ್ವಲ್ಪ ಬಿಡಿಸಿ ನೋಡಬೇಕು.

2025ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಮುಂದಿನ ಎಕ್ಸ್‌ಬಾಕ್ಸ್‌ಗೂ ಎಎಂಡಿ ಕಂಪನಿಯ ಚಿಪ್ಪೇ ಎಂದು ಪ್ರಕಟಿಸಿತು. ಈಗಿರುವ ಎಕ್ಸ್‌ಬಾಕ್ಸ್ ಗೇಮ್‌ಗಳು ಅದರಲ್ಲೂ ನಡೆಯುತ್ತವೆ ಎಂದೂ ಸೇರಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸೋನಿಯ ಪ್ಲೇಸ್ಟೇಷನ್ ಯಂತ್ರಗಳ ವಿನ್ಯಾಸಕಾರ ಮಾರ್ಕ್ ಸರ್ನಿ ಎಎಂಡಿಯವರ ಜೊತೆ ಕೂತು, ಕೆಲವು ವರ್ಷಗಳಲ್ಲಿ ಬರಲಿರುವ ಕನ್ಸೋಲ್‌ಗಾಗಿ ತಯಾರಾಗುತ್ತಿರುವ ಗ್ರಾಫಿಕ್ಸ್ ತಂತ್ರಗಳ ಬಗ್ಗೆ ಮಾತಾಡಿದರು. ನಿಂಟೆಂಡೊ ಅಷ್ಟರಲ್ಲಾಗಲೇ ಸ್ವಿಚ್ 2 ಬಿಡುಗಡೆ ಮಾಡಿ ಆಗಿತ್ತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಚಿಪ್ಪಿನ ಮಟ್ಟಿಗೆ ಈ ತಲೆನೋವು ಬಹುಪಾಲು ಕಳೆದಿದೆ. ಇನ್ನು ಮುಂದೆ ನಿಮ್ಮ ಹಳೆ ಗೇಮ್ ಹೊಸ ಕನ್ಸೋಲ್‌ನಲ್ಲಿ ಓಡದೇ ಹೋದರೆ ಅದಕ್ಕೆ ಕಾರಣ ಡಿಸ್ಕ್ ಡ್ರೈವ್ ಇರಬಹುದು, ಲೈಸೆನ್ಸ್ ಇರಬಹುದು, ಮುಚ್ಚಿಹೋದ ಸರ್ವರ್ ಇರಬಹುದು. ಹಿಂದೆ ಹೀಗಿರಲಿಲ್ಲ. ಆಗೆಲ್ಲ ನಿಜವಾದ ಗೋಡೆ ಯಂತ್ರದ ಒಳಗೇ ಇತ್ತು.

ಗೇಮ್‌ಗೆ ತನ್ನ ಯಂತ್ರದ ಬಗ್ಗೆ ಏನೇನು ಗೊತ್ತು

ಹದಿನೈದು ವರ್ಷ ಹಳೆಯ ಪಿಸಿ ಗೇಮ್ ಇವತ್ತಿನ ಪಿಸಿಯಲ್ಲೂ ಸಾಮಾನ್ಯವಾಗಿ ಓಡುತ್ತದೆ. ಪಿಸಿ ಗೇಮ್ ಬರೆಯುವವರಿಗೆ ಆಡುವವರ ಹತ್ತಿರ ಯಾವ ಗ್ರಾಫಿಕ್ಸ್ ಕಾರ್ಡ್ ಇದೆ ಅಂತ ಗೊತ್ತಿರುವುದಿಲ್ಲ. ಹಾಗಾಗಿ ಗೇಮ್ ಕಾರ್ಡಿನ ಜೊತೆ ನೇರವಾಗಿ ಮಾತಾಡುವುದೇ ಇಲ್ಲ. ನಡುವೆ ಡ್ರೈವರ್ ಕೂತಿರುತ್ತದೆ. "ಇಲ್ಲೊಂದು ತ್ರಿಕೋನ ಬರಿ" ಎಂದು ಗೇಮ್ ಹೇಳುತ್ತದೆ, ಅದನ್ನು ನಿಮ್ಮ ಕಾರ್ಡಿಗೆ ಅರ್ಥವಾಗುವ ಹಾಗೆ ಡ್ರೈವರ್ ತಿರುಗಿಸಿ ಹೇಳುತ್ತದೆ.

ಕನ್ಸೋಲ್‌ನ ಕತೆ ಬೇರೆ. ಅಲ್ಲಿ ಎಲ್ಲರ ಹತ್ತಿರ ಇರುವುದು ಒಂದೇ ಯಂತ್ರ. ಪ್ರೊಸೆಸರ್ ಯಾವುದು, ಮೆಮೊರಿ ಎಷ್ಟು, ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಲ್ಲವೂ ಮೊದಲೇ ಗೊತ್ತು. ಅದಕ್ಕೇ ಗೇಮ್ ಅನ್ನು ಆ ಯಂತ್ರದ ಮೈಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಬರೆಯುತ್ತಾರೆ. ಕಡಿಮೆ ಶಕ್ತಿಯ ಯಂತ್ರದಿಂದಲೂ ಅಷ್ಟು ಚೆಂದದ ಗ್ರಾಫಿಕ್ಸ್ ಬರುವುದು ಇದರಿಂದಲೇ. ಮುಂದಿನ ಕನ್ಸೋಲ್ ಬಂದಾಗ ತೊಂದರೆ ಕೊಡುವುದೂ ಇದೇ.

ಶೇಡರ್ ಎನ್ನುವುದನ್ನೇ ತೆಗೆದುಕೊಳ್ಳಿ. ಪರದೆಯ ಒಂದೊಂದು ಪಿಕ್ಸೆಲ್‌ಗೂ ಬಣ್ಣ ಏನು, ಬೆಳಕು ಎಷ್ಟು, ನೆರಳು ಎಲ್ಲಿ ಎಂದು ಲೆಕ್ಕ ಹಾಕುವ ಸಣ್ಣ ಸಣ್ಣ ಪ್ರೋಗ್ರಾಂಗಳಿವು. ಒಂದು ದೊಡ್ಡ ಗೇಮ್‌ನಲ್ಲಿ ಇವು ಸಾವಿರಗಟ್ಟಲೆ ಇರುತ್ತವೆ. ಪಿಸಿಯಲ್ಲಿ ಇವನ್ನು ನಿಮ್ಮ ಕಾರ್ಡಿಗೆ ಅರ್ಥವಾಗುವ ಯಂತ್ರಭಾಷೆಗೆ ಕಡೆ ಗಳಿಗೆಯಲ್ಲಿ ತಿರುಗಿಸಬೇಕು, ಅಂದರೆ ಕಂಪೈಲ್ ಮಾಡಬೇಕು. ಹೊಸ ಗೇಮ್ ಮೊದಲ ಸಲ ತೆರೆದಾಗ "ಶೇಡರ್ ಕಂಪೈಲ್ ಆಗುತ್ತಿದೆ" ಅಂತ ಕಾಯಿಸುತ್ತದಲ್ಲ, ಅದು ಇದೇ. ಕನ್ಸೋಲ್‌ನಲ್ಲಿ ಈ ಕಾಟ ಇಲ್ಲ. ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್, ಒಂದೇ ಆದ್ದರಿಂದ ಗೇಮ್ ಕಂಪನಿಯವರೇ ಕಂಪೈಲ್ ಮುಗಿಸಿ, ಆ ಜಿಪಿಯುವಿನ ಯಂತ್ರಭಾಷೆಯಲ್ಲೇ ಡಿಸ್ಕಿಗೆ ತುಂಬಿ ಕೊಟ್ಟಿರುತ್ತಾರೆ. ಮುಂದಿನ ಕನ್ಸೋಲ್‌ಗೆ ಬೇರೆ ಜಿಪಿಯು ಬಂತು ಅಂದುಕೊಳ್ಳಿ. ಆಗ ಡಿಸ್ಕಿನಲ್ಲಿರುವ ಆ ಸಾವಿರಾರು ಪ್ರೋಗ್ರಾಂಗಳು ಅದಕ್ಕೆ ಒಂದಕ್ಷರವೂ ಅರ್ಥವಾಗುವುದಿಲ್ಲ.

ಇನ್ನೊಂದು ಗಂಟು ಸಮಯದ್ದು. ಎಷ್ಟೋ ಗೇಮ್‌ಗಳಲ್ಲಿ ಆಟದ ಲೆಕ್ಕವನ್ನು ಫ್ರೇಮ್‌ಗೇ, ಅಂದರೆ ಪರದೆಯ ಮೇಲೆ ಮೂಡುವ ಒಂದೊಂದು ಚಿತ್ರಕ್ಕೇ ಕಟ್ಟಿರುತ್ತಾರೆ. ಒಂದು ಫ್ರೇಮ್ ಬಂದರೆ ಪಾತ್ರ ಇಷ್ಟು ದೂರ ಮುಂದೆ ಹೋಗಬೇಕು ಅಂತ. ಸೆಕೆಂಡಿಗೆ 30 ಫ್ರೇಮ್ ಎಂದುಕೊಂಡು ಬರೆದದ್ದು 60ರಲ್ಲಿ ಓಡಿದರೆ ಪಾತ್ರ ಎರಡು ಪಟ್ಟು ಜೋರಾಗಿ ಓಡುತ್ತದೆ, ಕಲ್ಲು ಎರಡು ಪಟ್ಟು ಜೋರಾಗಿ ಬೀಳುತ್ತದೆ. ಅಂದರೆ ಹೊಸ ಯಂತ್ರ ವೇಗವಾಗಿರುವುದೇ ಹಳೆ ಗೇಮ್‌ಗೆ ಮುಳುವಾಗಬಹುದು.

ಹಳೆ ಯಂತ್ರವನ್ನೇ ಒಳಗೆ ಕೂರಿಸಿದರೆ

ಇದಕ್ಕೆ ಮೊದಮೊದಲು ಕಂಡುಕೊಂಡ ಪರಿಹಾರ ಸರಳ. ಹಳೆ ಚಿಪ್ಪನ್ನು ಹೊಸ ಪೆಟ್ಟಿಗೆಯೊಳಗೂ ಹಾಕಿಬಿಡುವುದು. ಅಟಾರಿ 5200 1982ರಲ್ಲಿ ಬಂದಾಗ ಅದರಲ್ಲಿ 2600ರ ಗೇಮ್‌ಗಳು ಓಡುತ್ತಿರಲಿಲ್ಲ. ಆಮೇಲೆ ಅದಕ್ಕೊಂದು ಅಡಾಪ್ಟರ್ ಕೊಡಬೇಕಾಯಿತು. 7800 ಮಾಡುವಾಗ 2600ರ ಚಿತ್ರ ಮತ್ತು ಸದ್ದಿನ ಚಿಪ್ಪನ್ನೇ ಒಳಗೆ ಇಟ್ಟರು. ಸೆಗಾದವರು ಇನ್ನೂ ಜಾಣತನ ಮಾಡಿದರು. ಮೆಗಾ ಡ್ರೈವ್‌ನಲ್ಲಿ ಸದ್ದಿನ ಕೆಲಸಕ್ಕೆ ಇಟ್ಟ ಜ಼ಡ್80 ಪ್ರೊಸೆಸರ್ ಹಿಂದಿನ ಮಾಸ್ಟರ್ ಸಿಸ್ಟಂನ ಮುಖ್ಯ ಪ್ರೊಸೆಸರ್ ಆಗಿತ್ತು. ಹಾಗಾಗಿ ಒಂದು ಸಣ್ಣ ಪರಿವರ್ತಕ ಸಿಕ್ಕಿಸಿದರೆ ಹಳೆ ಕಾರ್ಟ್ರಿಡ್ಜ್‌ಗಳೂ ನಡೆಯುತ್ತಿದ್ದವು.

ನನಗೆ ತುಂಬಾ ಇಷ್ಟವಾದದ್ದು 2001ರ ಗೇಮ್ ಬಾಯ್ ಅಡ್ವಾನ್ಸ್. ಅದರೊಳಗೆ ಎರಡು ಪ್ರೊಸೆಸರ್‌ಗಳಿವೆ. ಹೊಸ ಗೇಮ್‌ಗಳಿಗೆ 16.78 ಮೆಗಾಹರ್ಟ್ಸ್‌ನ ಆರ್ಮ್ ಪ್ರೊಸೆಸರ್, ಹಳೆ ಗೇಮ್ ಬಾಯ್ ಗೇಮ್‌ಗಳಿಗೆ ಹಳೆಯ 8 ಬಿಟ್ ಪ್ರೊಸೆಸರ್. ಯಾವಾಗ ಯಾವುದನ್ನು ಎಬ್ಬಿಸಬೇಕು ಅಂತ ಅದಕ್ಕೆ ಗೊತ್ತಾಗುವುದು ಹೇಗೆ? ಸಾಫ್ಟ್‌ವೇರ್‌ನಿಂದ ಅಲ್ಲ. ಕಾರ್ಟ್ರಿಡ್ಜ್ ತೂರಿಸುವ ಜಾಗದಲ್ಲಿ ಒಂದು ಪುಟ್ಟ ಸ್ವಿಚ್ ಇದೆ. ಹಳೆ ಕಾರ್ಟ್ರಿಡ್ಜ್‌ನ ಪ್ಲಾಸ್ಟಿಕ್ ಮೈ ಆ ಸ್ವಿಚ್ಚನ್ನು ಒತ್ತುತ್ತದೆ, ಹೊಸ ಕಾರ್ಟ್ರಿಡ್ಜ್‌ನ ಆಕಾರಕ್ಕೆ ಅದು ತಾಗುವುದೇ ಇಲ್ಲ. ಸ್ವಿಚ್ ಒತ್ತಿದರೆ ಕಾರ್ಟ್ರಿಡ್ಜ್‌ಗೆ ಹೋಗುವ ವಿದ್ಯುತ್ 3.3 ವೋಲ್ಟ್‌ನಿಂದ 5 ವೋಲ್ಟ್‌ಗೆ ಏರುತ್ತದೆ, ಹಳೆ ಪ್ರೊಸೆಸರ್ ಕೆಲಸಕ್ಕೆ ಇಳಿಯುತ್ತದೆ. ಪರದೆ ಅಗಲವಾಗಿರುವುದರಿಂದ ಹಳೆ ಗೇಮ್ ನಡುವೆ ಚಿಕ್ಕದಾಗಿ ಕಾಣುತ್ತದೆ. ಎಲ್ ಅಥವಾ ಆರ್ ಬಟನ್ ಒತ್ತಿದರೆ ಅಗಲಕ್ಕೆ ಹಿಗ್ಗುತ್ತದೆ. ಎಳೆದ ಹಾಗೆ ಕಾಣುತ್ತದೆ ಅನ್ನೋದು ಬೇರೆ ಮಾತು.

ಮುಂದೆ 2004ರ ನಿಂಟೆಂಡೊ ಡಿಎಸ್‌ನಲ್ಲಿ ಆ 8 ಬಿಟ್ ಪ್ರೊಸೆಸರ್ ಇರಲಿಲ್ಲ. ಹಾಗಾಗಿ ಅಡ್ವಾನ್ಸ್ ಗೇಮ್‌ಗಳು ಓಡಿದವು, ಅದಕ್ಕೂ ಹಿಂದಿನವು ಓಡಲಿಲ್ಲ. ಡಿಎಸ್‌ಐ ಬಂದಾಗ ಅಡ್ವಾನ್ಸ್ ಕಾರ್ಟ್ರಿಡ್ಜ್ ಹಾಕುವ ಜಾಗವನ್ನೇ ತೆಗೆದರು.

ಪ್ಲೇಸ್ಟೇಷನ್ 2 ಇದೇ ದಾರಿಯನ್ನು ಇನ್ನೂ ಲೆಕ್ಕಾಚಾರದಿಂದ ಹಿಡಿಯಿತು. ಮೊದಲ ಪ್ಲೇಸ್ಟೇಷನ್‌ನ ಪ್ರೊಸೆಸರ್ ಅದರೊಳಗೆ ಇತ್ತು, ಆದರೆ ಸುಮ್ನೆ ಕೂತಿರಲಿಲ್ಲ. ಹೊಸ ಗೇಮ್ ಆಡುವಾಗ ಕಂಟ್ರೋಲರ್, ಮೆಮೊರಿ ಕಾರ್ಡ್, ಡಿಸ್ಕ್ ಇವುಗಳ ಉಸ್ತುವಾರಿ ಅದರದ್ದು. ಹಳೆ ಡಿಸ್ಕ್ ಹಾಕಿದರೆ ತನ್ನ ಮೂಲ ಕೆಲಸಕ್ಕೆ ವಾಪಸ್. ಒಂದು ಚಿಪ್ಪಿಗೆ ಎರಡು ಕೆಲಸ ಹಚ್ಚಿದ್ದರಿಂದ ಖರ್ಚು ಮೈಮೇಲೆ ಬರಲಿಲ್ಲ. 15 ಕೋಟಿಗೂ ಜಾಸ್ತಿ ಮಾರಾಟವಾದ ಆ ಕನ್ಸೋಲ್‌ಗೆ ಹುಟ್ಟುವಾಗಲೇ ಒಂದು ದೊಡ್ಡ ಗೇಮ್ ಭಂಡಾರ ಸಿಕ್ಕಿತು.

ಪ್ಲೇಸ್ಟೇಷನ್ 3ರಲ್ಲಿ ಅದೇ ಲೆಕ್ಕ ಕೈಕೊಟ್ಟಿತು. 2006ರ ನವೆಂಬರ್‌ನಲ್ಲಿ ಜಪಾನ್ ಮತ್ತು ಅಮೆರಿಕದಲ್ಲಿ ಬಂದ ಮೊದಲ ಯಂತ್ರಗಳಲ್ಲಿ ಪಿಎಸ್ 2ರ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಎರಡನ್ನೂ ಇಟ್ಟಿದ್ದರು. ಆದರೆ ಹೊಸ ಗೇಮ್ ಓಡುವಾಗ ಅವಕ್ಕೆ ಅಂಥ ಕೆಲಸ ಏನೂ ಇರಲಿಲ್ಲ. ಅಮೆರಿಕದಲ್ಲಿ 60 ಜಿಬಿ ಮಾಡೆಲ್‌ನ ಬೆಲೆ 599 ಡಾಲರ್, ಬೆಲೆ ಜಾಸ್ತಿ ಆಯಿತೆಂದು ಜನ ಗೊಣಗುತ್ತಿದ್ದರು. 2007ರ ಮಾರ್ಚ್‌ನಲ್ಲಿ ಯುರೋಪ್‌ಗೆ ಹೋದ ಯಂತ್ರದಿಂದ ಪಿಎಸ್ 2 ಪ್ರೊಸೆಸರ್ ಮಾಯವಾಯಿತು, ಅದರ ಕೆಲಸ ಸಾಫ್ಟ್‌ವೇರ್ ಪಾಲಾಯಿತು. ಅದೇ ವರ್ಷದ ಕೊನೆಗೆ ಬಂದ 40 ಜಿಬಿ ಮಾಡೆಲ್‌ನಲ್ಲಿ ಪಿಎಸ್ 2 ಡಿಸ್ಕ್ ಓಡುವುದೇ ನಿಂತಿತು. ಒಂದೇ ಹೆಸರಿನ ಕನ್ಸೋಲ್, ಒಂದೇ ಡಬ್ಬಿಯ ಚಿತ್ರ, ಒಳಗೆ ಮೂರು ಬಗೆ! ಹೊಸ ಕನ್ಸೋಲ್ ಕೊಳ್ಳುವಾಗ ಹೆಸರಿನ ಜೊತೆ ಮಾಡೆಲ್ ಸಂಖ್ಯೆಯನ್ನೂ ನೋಡಬೇಕು ಅಂತ ಜನ ಕಲಿತದ್ದು ಆಗಲೇ ಇರಬೇಕು.

ಚಿಪ್ ಇಲ್ಲ, ಇದ್ದ ಹಾಗೆ ನಟನೆ

ಹಳೆ ಚಿಪ್ ಇಡಲಾಗದಿದ್ದರೆ ಉಳಿಯುವುದು ಎಮ್ಯುಲೇಶನ್. ಅಂದರೆ ಹಳೆ ಯಂತ್ರ ಹೇಗೆ ನಡೆದುಕೊಳ್ಳುತ್ತಿತ್ತೋ ಹಾಗೇ ನಡೆದುಕೊಳ್ಳುವ ಒಂದು ಪ್ರೋಗ್ರಾಂ ಬರೆಯುವುದು. ಗೇಮ್ ಕೊಡುವ ಒಂದೊಂದು ಆಜ್ಞೆಯನ್ನೂ ಓದಿ, ಅದರ ಅರ್ಥ ತಿಳಿದು, ಹೊಸ ಪ್ರೊಸೆಸರ್‌ಗೆ ಗೊತ್ತಿರುವ ಆಜ್ಞೆಗಳಾಗಿ ಮಾಡಬೇಕು. ಹಳೆಯ ಒಂದು ಆಜ್ಞೆಗೆ ಹೊಸತರಲ್ಲಿ ಹತ್ತಿಪ್ಪತ್ತು ಬೇಕಾಗಬಹುದು. ಒಂದೊಂದಾಗಿ ಮಾಡುತ್ತಾ ಕೂತರೆ ನಿಧಾನ. ಅದಕ್ಕೇ ಒಂದು ತುಣುಕನ್ನು ಒಮ್ಮೆ ಪೂರ್ತಿ ತಿರುಗಿಸಿ ನೆನಪಿಟ್ಟುಕೊಂಡು, ಮತ್ತೆ ಅದೇ ತುಣುಕು ಬಂದಾಗ ನೇರ ಬಳಸುವ ಉಪಾಯ ಮಾಡುತ್ತಾರೆ.

ಇದಕ್ಕೆ ಎಷ್ಟು ಶಕ್ತಿ ಬೇಕು? ಸೂಪರ್ ನಿಂಟೆಂಡೊದ ಪ್ರೊಸೆಸರ್ ಓಡುತ್ತಿದ್ದದ್ದು ಹೆಚ್ಚೆಂದರೆ 3.58 ಮೆಗಾಹರ್ಟ್ಸ್‌ನಲ್ಲಿ. ಅದನ್ನು ಒಂದು ಕೂದಲೆಳೆಯೂ ತಪ್ಪದಂತೆ ಅನುಕರಿಸಲು ಹೊರಟ ಬಿಎಸ್‌ಎನ್‌ಇಎಸ್ (bsnes) ಎಂಬ ಎಮ್ಯುಲೇಟರ್‌ಗೆ 3 ಗಿಗಾಹರ್ಟ್ಸ್‌ನಷ್ಟು ವೇಗದ ಪಿಸಿ ಬೇಕಾಗಿತ್ತು. ಯಾವ ಚಿಪ್ ಯಾವ ಕ್ಷಣದಲ್ಲಿ ಏನು ಮಾಡುತ್ತಿತ್ತು ಎಂಬುದನ್ನು ಒಟ್ಟೊಟ್ಟಿಗೆ ಹೊಂದಿಸುವುದಕ್ಕೇ ಈ ಶಕ್ತಿಯೆಲ್ಲ ಹೋಗುತ್ತದೆ. ಅಷ್ಟು ನಿಖರತೆ ಬೇಡ, ಗೇಮ್ ಓಡಿದರೆ ಸಾಕು ಎನ್ನುವವರು ಎಷ್ಟೋ ಕಡಿಮೆಯಲ್ಲಿ ಮುಗಿಸುತ್ತಾರೆ. ಎಲ್ಲೋ ಒಂದು ಗೇಮ್‌ನಲ್ಲಿ ನೆರಳು ತಪ್ಪು ಜಾಗದಲ್ಲಿ ಬೀಳುತ್ತದೆ, ಅಷ್ಟೇ.

ಕೆಲವು ತೊಡಕುಗಳು ವಿಚಿತ್ರ. ದಶಮಾಂಶ ಸಂಖ್ಯೆಗಳ ಲೆಕ್ಕಕ್ಕೆ ಬಹುತೇಕ ಎಲ್ಲ ಕಂಪ್ಯೂಟರ್‌ಗಳೂ ಪಾಲಿಸುವ ಒಂದು ನಿಯಮ ಇದೆ. ಪಿಎಸ್ 2 ಅದನ್ನು ಪೂರ್ತಿ ಪಾಲಿಸುತ್ತಿರಲಿಲ್ಲ. ಕಡೆಯ ಅಂಕಿಯನ್ನು ಬೇರೆ ಥರ ಕತ್ತರಿಸುತ್ತಿತ್ತು, ಅನಂತ ಎಂಬ ಬೆಲೆಯೇ ಅದಕ್ಕೆ ಇರಲಿಲ್ಲ. ಆಗಿನ ಗೇಮ್‌ಗಳು ಗೊತ್ತಿದ್ದೋ ಗೊತ್ತಿಲ್ಲದೆಯೋ ಆ ವಿಚಿತ್ರ ಲೆಕ್ಕವನ್ನೇ ನಂಬಿದ್ದವು. ಪಿಸಿಯ ಸರಿಯಾದ ಲೆಕ್ಕ ಕೊಟ್ಟರೆ ಕಂಪ್ಯೂಟರ್ ಓಡಿಸುವ ಪಾತ್ರ ದಾರಿ ತಪ್ಪುವುದು, ವಸ್ತುಗಳು ಜಾಗ ಬಿಟ್ಟು ನಿಲ್ಲುವುದು ಇಂಥದ್ದೆಲ್ಲ ಆಗುತ್ತದೆ. ಆದ್ದರಿಂದ ಎಮ್ಯುಲೇಟರ್ ಹಳೆ ಯಂತ್ರದ ತಪ್ಪನ್ನೂ ಅದರ ಹಾಗೇ ಮಾಡಬೇಕು.

ಮೈಕ್ರೋಸಾಫ್ಟ್‌ನ ಅನುಭವ ಇಲ್ಲಿ ನೋಡುವಂಥದ್ದು. 2001ರ ಮೊದಲ ಎಕ್ಸ್‌ಬಾಕ್ಸ್‌ನಲ್ಲಿ ಇಂಟೆಲ್ ಪ್ರೊಸೆಸರ್, ಎನ್‌ವಿಡಿಯಾ ಗ್ರಾಫಿಕ್ಸ್. 2005ರ ಎಕ್ಸ್‌ಬಾಕ್ಸ್ 360ರಲ್ಲಿ ಪವರ್‌ಪಿಸಿ ಪ್ರೊಸೆಸರ್, ಎಟಿಐ ಗ್ರಾಫಿಕ್ಸ್. ಎರಡೂ ಬದಲು. ಹಾಗಾಗಿ ಒಂದೊಂದೇ ಗೇಮ್ ಹಿಡಿದು ಕೂತರು, ನಾಲ್ಕು ನೂರಕ್ಕೂ ಜಾಸ್ತಿ ಗೇಮ್‌ಗಳನ್ನು ಓಡುವಂತೆ ಮಾಡಿ 2007ಕ್ಕೆ ಕೈಬಿಟ್ಟರು. 2013ರ ಎಕ್ಸ್‌ಬಾಕ್ಸ್ ಒನ್‌ನಲ್ಲಿ ಮತ್ತೆ ಎಲ್ಲ ಅದಲು ಬದಲು. ಶುರುವಿನಲ್ಲಿ 360ರ ಗೇಮ್ ಒಂದೂ ಓಡುತ್ತಿರಲಿಲ್ಲ. ಒಂದು ಸಂಖ್ಯೆಯ ಬೈಟ್‌ಗಳನ್ನು ಮೆಮೊರಿಯಲ್ಲಿ ಇಡುವ ಕ್ರಮ ಕೂಡ ಈ ಎರಡರಲ್ಲಿ ಹಿಂದುಮುಂದು. 360 ದೊಡ್ಡ ತುದಿಯಿಂದ ಶುರುಮಾಡಿದರೆ, ಒನ್ ಚಿಕ್ಕ ತುದಿಯಿಂದ.

ಆದರೂ 2015ರ ನವೆಂಬರ್‌ನಲ್ಲಿ ಅದು ಸಾಧ್ಯವಾಯಿತು. ಅವರು ಮಾಡಿದ ರೀತಿ ಚೆನ್ನಾಗಿದೆ. ನೀವು 360ರ ಡಿಸ್ಕ್ ಹಾಕಿದರೆ ಕನ್ಸೋಲ್ ಅದರಿಂದ ಗೇಮ್ ಓಡಿಸುವುದಿಲ್ಲ. ಡಿಸ್ಕ್ ಯಾವುದು ಅಂತ ಗುರುತು ಹಿಡಿಯುತ್ತದೆ, ಮೊದಲೇ ಹದ ಮಾಡಿಟ್ಟ ಆ ಗೇಮ್‌ನ ಪ್ರತಿಯನ್ನು ಇಂಟರ್ನೆಟ್‌ನಿಂದ ಇಳಿಸಿಕೊಳ್ಳುತ್ತದೆ. ಆ ಪ್ಯಾಕೇಜಿನೊಳಗೆ ಎಮ್ಯುಲೇಟರ್ ಕೂಡ ಇರುತ್ತದೆ. ಆಡುವಾಗ ಡಿಸ್ಕ್ ಒಳಗೇ ಇರಬೇಕು, ನಿಮ್ಮ ಹಕ್ಕಿಗೆ ಸಾಕ್ಷಿಯಾಗಿ. ಇದೇ ವಿಧಾನ ಇವತ್ತಿನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ಗೂ ಬಂದಿದೆ. ಒಟ್ಟು 360ರ ಆರು ನೂರಕ್ಕೂ ಜಾಸ್ತಿ ಗೇಮ್‌ಗಳು ಹೀಗೆ ಬದುಕಿ ಉಳಿದವು.

ಪಿಎಸ್ 3ರ ಗೇಮ್‌ಗಳಿಗೆ ಆ ಭಾಗ್ಯ ಬರಲಿಲ್ಲ. ಅದರ ಸೆಲ್ ಪ್ರೊಸೆಸರ್‌ನಲ್ಲಿ ಒಂದು ಮುಖ್ಯ ಕೋರ್, ಅದರ ಸುತ್ತ ಎಂಟು ಸಹಾಯಕ ಕೋರ್‌ಗಳು. ತಯಾರಿಕೆಯಲ್ಲಿ ಕೆಡಬಹುದೆಂದು ಒಂದನ್ನು ಮುಚ್ಚಿ, ಇನ್ನೊಂದನ್ನು ಸಿಸ್ಟಂಗೆ ಮೀಸಲಿಟ್ಟು, ಗೇಮ್‌ಗಳಿಗೆ ಆರನ್ನು ಕೊಟ್ಟಿದ್ದರು. ಒಂದೊಂದಕ್ಕೂ 256 ಕೆಬಿ ಸ್ವಂತ ಮೆಮೊರಿ. ಎಲ್ಲವೂ 3.2 ಗಿಗಾಹರ್ಟ್ಸ್‌ನಲ್ಲಿ ಓಡುತ್ತಿದ್ದವು. ಡೆವಲಪರ್‌ಗಳು ಕಷ್ಟಪಟ್ಟು ಆ ಆರೂ ಕೋರ್‌ಗಳಿಗೆ ಕೆಲಸ ಹಂಚಿ ಗೇಮ್ ಬರೆದರು. 2013ರ ಪಿಎಸ್ 4ರಲ್ಲಿ ಇದ್ದದ್ದು 1.6 ಗಿಗಾಹರ್ಟ್ಸ್‌ನ ಎಂಟು ಸಾಧಾರಣ ಕೋರ್‌ಗಳು. ಆ ಯಂತ್ರ ಸೆಲ್‌ನ ವೇಷ ಹಾಕಿ ಕುಣಿಯುವುದು ಆಗದ ಮಾತು. ಅದಕ್ಕೇ ಸೋನಿ ಪಿಎಸ್ 3 ಗೇಮ್‌ಗಳನ್ನು ದೂರದ ಸರ್ವರ್‌ಗಳಲ್ಲಿ ಓಡಿಸಿ ಸ್ಟ್ರೀಮ್ ಮಾಡುವ ದಾರಿ ಹಿಡಿಯಿತು. ಪಿಸಿಯಲ್ಲಿ ಆರ್‌ಪಿಸಿಎಸ್3 ಎಂಬ ಎಮ್ಯುಲೇಟರ್ 2011ರಿಂದ ಈ ಬೆಟ್ಟ ಹತ್ತುತ್ತಾ ಬಂದು ಬಹಳ ದೂರ ಮುಟ್ಟಿದೆ. ಆದರೆ ಅದಕ್ಕೆ ಗಟ್ಟಿ ಪಿಸಿಯೇ ಬೇಕು.

ಒಂದೇ ಕುಲದ ಚಿಪ್

ಗೋಡೆ ಒಡೆದದ್ದು 2013ರಲ್ಲಿ. ಪಿಎಸ್ 4, ಎಕ್ಸ್‌ಬಾಕ್ಸ್ ಒನ್ ಎರಡೂ ಪಿಸಿಯ ಎಕ್ಸ್86 ಕುಲದ ಎಎಂಡಿ ಚಿಪ್ ಹಾಕಿಕೊಂಡವು. ಹಳೆ ಗೇಮ್‌ಗಳ ದಾರಿ ಅಂದು ಕಡಿದುಹೋಯಿತು ನಿಜ. ಮುಂದಿನ ದಾರಿ ಮಾತ್ರ ತೆರೆಯಿತು.

ಕುಲ ಒಂದೇ ಆದರೂ ಸುಮ್ಮನೆ ಓಡಿಬಿಡುವುದಿಲ್ಲ. ಪಿಎಸ್ 5ರ ಜಿಪಿಯುವನ್ನು ನೋಡಿ. ಅದರಲ್ಲಿ ಲೆಕ್ಕ ಹಾಕುವ 36 ಘಟಕಗಳು ಕೆಲಸ ಮಾಡುತ್ತವೆ. ಪಿಎಸ್ 4ರ ಹೆಚ್ಚು ಶಕ್ತಿಯ ಮಾಡೆಲ್ ಆದ ಪಿಎಸ್ 4 ಪ್ರೋದಲ್ಲೂ 36, ಮೂಲ ಪಿಎಸ್ 4ರಲ್ಲಿ ಅದರ ಸರಿಯಾಗಿ ಅರ್ಧ, 18. ಇದು ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ. ಮೂಲ ಪಿಎಸ್ 4 ಗೇಮ್ ಬಂದರೆ ಅರ್ಧವನ್ನು ಬಿಟ್ಟು 800 ಮೆಗಾಹರ್ಟ್ಸ್‌ನಲ್ಲಿ ನಡೆಸಬಹುದು, ಪ್ರೋ ಗೇಮ್ ಬಂದರೆ ಎಲ್ಲವನ್ನೂ 911ರಲ್ಲಿ. ಹಳೆ ಜಿಪಿಯುವಿನ ನಡವಳಿಕೆಯನ್ನೂ ಹೊಸ ಚಿಪ್ಪಿನೊಳಗೇ ಸೇರಿಸಿದ್ದೇವೆ ಎಂದು ಸರ್ನಿ 2020ರ ಮಾರ್ಚ್‌ನ ತಮ್ಮ ಮಾತಿನಲ್ಲಿ ವಿವರಿಸಿದ್ದರು. ಪೂರ್ತಿ ವೇಗ ಕೊಟ್ಟರೆ ಕೆಲವು ಗೇಮ್‌ಗಳ ಕೋಡ್ ಅದನ್ನು ತಡೆದುಕೊಳ್ಳುವುದಿಲ್ಲ, ಹಾಗಾಗಿ ಒಂದೊಂದನ್ನೂ ಪರೀಕ್ಷಿಸಬೇಕು ಎಂದೂ ಹೇಳಿದ್ದರು. ಬಿಡುಗಡೆಯ ಹೊತ್ತಿಗೆ ನಾಲ್ಕು ಸಾವಿರಕ್ಕೂ ಜಾಸ್ತಿ ಇದ್ದ ಪಿಎಸ್ 4 ಗೇಮ್‌ಗಳಲ್ಲಿ 99 ಶೇಕಡಾಕ್ಕಿಂತ ಹೆಚ್ಚು ಓಡುತ್ತವೆ ಎಂದಿತು ಸೋನಿ. ಓಡದವುಗಳ ಪಟ್ಟಿಯಲ್ಲಿ ಹತ್ತರಷ್ಟು ಹೆಸರುಗಳಿದ್ದವು ಅಷ್ಟೇ.

ಸ್ವಿಚ್ 2 ಇನ್ನೊಂದು ಬಗೆ. 2017ರ ಸ್ವಿಚ್‌ನಲ್ಲಿದ್ದದ್ದು ಎನ್‌ವಿಡಿಯಾದ ಮ್ಯಾಕ್ಸ್‌ವೆಲ್ ಕಾಲದ ಜಿಪಿಯು, 2025ರ ಜೂನ್ 5ರಂದು ಬಂದ ಸ್ವಿಚ್ 2ರಲ್ಲಿ ಆಂಪಿಯರ್ ಕಾಲದ್ದು. ಕಂಪನಿ ಒಂದೇ, ಯಂತ್ರಭಾಷೆ ಬೇರೆ. ಹಳೆ ಶೇಡರ್‌ಗಳು ನೇರವಾಗಿ ನಡೆಯುವುದಿಲ್ಲ. ಹಾಗಂತ ಪೂರ್ತಿ ಎಮ್ಯುಲೇಟರ್ ಹಾಕಿದರೆ ಯಂತ್ರ ಏದುಸಿರು ಬಿಡಬೇಕಾಗುತ್ತದೆ, ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಕೈಯಲ್ಲಿ ಹಿಡಿದು ಆಡುವ ಕನ್ಸೋಲ್‌ಗೆ ಇದು ದೊಡ್ಡ ಮಾತು ಅಲ್ವಾ? ನಿಂಟೆಂಡೊ ಎಂಜಿನಿಯರ್‌ಗಳು ಹೇಳಿದ ಪ್ರಕಾರ ಅವರದ್ದು ಎಮ್ಯುಲೇಟರ್‌ಗೂ ಅಸಲಿ ಹಾರ್ಡ್‌ವೇರ್‌ಗೂ ನಡುವಿನ ದಾರಿ. ಗೇಮ್ ಓಡುತ್ತಿರುವಾಗಲೇ ಅದರ ಆಜ್ಞೆಗಳನ್ನು ಹೊಸ ಯಂತ್ರಕ್ಕೆ ಹೊಂದುವಂತೆ ತಿರುಗಿಸುತ್ತಾರೆ. ಮೊದಲ ದಿನ ಒಂದಷ್ಟು ಗೇಮ್‌ಗಳು ತಕರಾರು ಮಾಡಿದವು. ಆಮೇಲೆ ಬಂದ ಅಪ್‌ಡೇಟ್‌ಗಳಲ್ಲಿ ಅನೇಕವು ಸರಿಹೋದವು.

ಓಡುವುದು ಬೇರೆ, ಚೆನ್ನಾಗಿ ಓಡುವುದು ಬೇರೆ

ಹೊಸ ಕನ್ಸೋಲ್‌ನಲ್ಲಿ ಹಳೆ ಗೇಮ್ ತಾನಾಗಿಯೇ ಮಿಂಚುತ್ತದೆ ಎಂದು ಕಾಯುವವರು ಬಹಳ. ಲೋಡ್ ಆಗುವ ಹೊತ್ತು ಖಂಡಿತ ಕಡಿಮೆಯಾಗುತ್ತದೆ, ಎಸ್‌ಎಸ್‌ಡಿ ಎಂಬ ವೇಗದ ಸ್ಟೋರೇಜಿನ ದಯೆ. ಮೊದಲು 60 ಫ್ರೇಮ್ ಗುರಿ ಇಟ್ಟು 45ಕ್ಕೆ ಕುಸಿಯುತ್ತಿದ್ದ ಗೇಮ್ ಈಗ 60ರಲ್ಲಿ ನಿಲ್ಲುತ್ತದೆ. ಆದರೆ ಡೆವಲಪರ್ 30ಕ್ಕೇ ಬೀಗ ಹಾಕಿದ್ದರೆ? ಯಂತ್ರಕ್ಕೆ ಎಷ್ಟೇ ತಾಕತ್ತಿದ್ದರೂ 30ಕ್ಕೇ ನಿಲ್ಲುತ್ತದೆ. ಪಿಎಸ್ 4ರ ಬ್ಲಡ್‌ಬೋರ್ನ್ ಗೇಮ್ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ.

ಬೀಗ ಹೊರಗಿನಿಂದ ತೆಗೆಯುವ ಪ್ರಯತ್ನವೂ ಆಗಿದೆ. 2021ರಲ್ಲಿ ಎಕ್ಸ್‌ಬಾಕ್ಸ್‌ಗೆ ಬಂದ ಎಫ್‌ಪಿಎಸ್ ಬೂಸ್ಟ್ ಗೇಮ್‌ನ ಕೋಡ್ ಮುಟ್ಟದೆ ಫ್ರೇಮ್‌ಗಳನ್ನು ಎರಡು ಪಟ್ಟು ಮಾಡುತ್ತದೆ. ಸಮಯವನ್ನು ಫ್ರೇಮ್‌ಗೆ ಕಟ್ಟಿದ ಗೇಮ್‌ಗಳಲ್ಲಿ ಇದು ಏನು ಅವಾಂತರ ಮಾಡೀತು ಅಂತ ಆಗಲೇ ನೋಡಿದೆವು. ಆದ್ದರಿಂದ ಆಯ್ದ ಗೇಮ್‌ಗಳಿಗೆ ಮಾತ್ರ ಕೊಟ್ಟಿದ್ದಾರೆ.

ಇಲ್ಲೇ ಒಂದು ಗೊಂದಲ ಬಿಡಿಸಬೇಕು. ಪಿಎಸ್ 5ರಲ್ಲಿ ಒಂದೇ ಗೇಮ್‌ನ ಎರಡು ಆವೃತ್ತಿಗಳು ಇರಬಹುದು. ಒಂದು ಪಿಎಸ್ 4 ಆವೃತ್ತಿ, ಹಳೆಯ ರೀತಿಯಲ್ಲೇ ಓಡುವುದು. ಇನ್ನೊಂದು ಪಿಎಸ್ 5ಗೆಂದೇ ಬರೆದದ್ದು. ಎರಡನ್ನೂ ಇಳಿಸಿಕೊಂಡು, ಗೊತ್ತಿಲ್ಲದೆ ಹಳೆಯದನ್ನೇ ಆಡುತ್ತಾ ಗ್ರಾಫಿಕ್ಸ್‌ನಲ್ಲಿ ಏನೂ ಸುಧಾರಣೆ ಇಲ್ಲ ಎಂದು ಬೈದುಕೊಳ್ಳುವುದು ಸುಲಭ. ಹಳೆ ಆವೃತ್ತಿಯ ಸೇವ್ ಹೊಸದಕ್ಕೆ ಬರುತ್ತದೆಯೇ ಎಂಬುದು ಆಯಾ ಗೇಮ್ ಕಂಪನಿಯ ಮರ್ಜಿ.

ಚಿಪ್ ಒಪ್ಪಿದರೂ ಕಾಗದ ಒಪ್ಪಬೇಕಲ್ಲ

ಮೈಕ್ರೋಸಾಫ್ಟ್ 2021ರ ನವೆಂಬರ್‌ನಲ್ಲಿ ಎಪ್ಪತ್ತಕ್ಕೂ ಜಾಸ್ತಿ ಹಳೆ ಗೇಮ್‌ಗಳನ್ನು ಸೇರಿಸಿ, ಇದೇ ಕೊನೆಯ ಕಂತು ಎಂದಿತು. ಕೊಟ್ಟ ಕಾರಣದಲ್ಲಿ ತಾಂತ್ರಿಕ ಮಿತಿಯ ಜೊತೆ ಲೈಸೆನ್ಸ್ ಮತ್ತು ಕಾನೂನಿನ ಮಿತಿಯೂ ಇತ್ತು. ಹದ ಮಾಡಿದ ಪ್ರತಿಯನ್ನು ಮತ್ತೆ ಹಂಚಬೇಕಾದರೆ ಗೇಮ್‌ನ ಹಕ್ಕುದಾರರು ಒಪ್ಪಬೇಕು. ಕಂಪನಿ ಮುಚ್ಚಿ ಹಕ್ಕು ಯಾರ ಕೈಲಿದೆ ಅಂತಲೇ ತಿಳಿಯದಿದ್ದರೆ ಯಾರನ್ನು ಕೇಳುವುದು? ರೇಸಿಂಗ್ ಗೇಮ್‌ನಲ್ಲಿ ನಿಜವಾದ ಕಾರುಗಳಿರುತ್ತವೆ, ಹಾಡುಗಳಿರುತ್ತವೆ. ಅವುಗಳ ಒಪ್ಪಂದ ಮುಗಿದರೆ ಅಂಗಡಿಯಿಂದ ಗೇಮನ್ನೇ ತೆಗೆಯುತ್ತಾರೆ.

ಡಿಸ್ಕ್ ಕೊಂಡವರ ಪಾಡು ಬೇರೆ. ಪಿಎಸ್ 5 ಪಿಎಸ್ 4 ಡಿಸ್ಕ್ ಓದುತ್ತದೆ, ಆದರೆ ಡ್ರೈವ್ ಇರಬೇಕು. ಡಿಜಿಟಲ್ ಆವೃತ್ತಿಯಲ್ಲಿ ಡ್ರೈವ್ ಇಲ್ಲ. 2024ರ ಪಿಎಸ್ 5 ಪ್ರೋ ಜೊತೆಗೂ ಬರುವುದಿಲ್ಲ, ಬೇರೆ ಕೊಂಡು ಸಿಕ್ಕಿಸಬೇಕು. ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗೆ ಆ ದಾರಿಯೂ ಇಲ್ಲ. ಹೊಸ ಚಿಪ್ಪಿಗೆ ನಿಮ್ಮ ಗೇಮ್ ಚೆನ್ನಾಗಿ ಅರ್ಥವಾಗುತ್ತದೆ, ಡಿಸ್ಕ್ ಒಳಗೆ ಹೋಗುವ ತೂತೇ ಇಲ್ಲ. ಕಪಾಟು ತುಂಬ ಡಿಸ್ಕ್ ಇರುವವರು ಹೊಸ ಕನ್ಸೋಲ್‌ನ ಟೆರಾಫ್ಲಾಪ್ (ಲೆಕ್ಕದ ವೇಗದ ಅಳತೆ) ಸಂಖ್ಯೆಗಿಂತ ಮೊದಲು ಇದನ್ನೇ ಹುಡುಕಬೇಕು ಎನ್ನುತ್ತೇನೆ.

ಆಮೇಲೆ ಜೊತೆ ಸಾಮಾನುಗಳು. ಪಿಎಸ್ 4ರ ಡ್ಯುಯಲ್‌ಶಾಕ್ 4 ಕಂಟ್ರೋಲರ್‌ನಿಂದ ಪಿಎಸ್ 5ರಲ್ಲಿ ಪಿಎಸ್ 4 ಗೇಮ್ ಆಡಬಹುದು, ಪಿಎಸ್ 5 ಗೇಮ್ ಆಡಲಾಗದು. ಕಣ್ಣಿಗೆ ಕಟ್ಟಿಕೊಂಡು ಆಡುವ ಹಳೆ ಪಿಎಸ್ ವಿಆರ್‌ನ ಗೇಮ್‌ಗಳು ವಿಆರ್ 2ರಲ್ಲಿ ಓಡುವುದಿಲ್ಲ. ಮೈಯ ಚಲನೆ ಗುರುತಿಸುವ ಕಿನೆಕ್ಟ್ ಕ್ಯಾಮೆರಾ ಬೇಕಿದ್ದ ಎಕ್ಸ್‌ಬಾಕ್ಸ್ ಗೇಮ್‌ಗಳು ಸೀರೀಸ್ ಎಕ್ಸ್‌ಗೆ ಬರಲೇ ಇಲ್ಲ. ಸ್ವಿಚ್‌ನ ಹಳೆ ಜಾಯ್‌ಕಾನ್ ಕಂಟ್ರೋಲರ್‌ನಲ್ಲಿದ್ದ ಇನ್‌ಫ್ರಾರೆಡ್ ಕ್ಯಾಮೆರಾ ಹೊಸದರಲ್ಲಿ ಇಲ್ಲ, ಅದನ್ನು ಬಳಸುವ ಗೇಮ್‌ಗಳಿಗೆ ಹಳೆ ಜಾಯ್‌ಕಾನ್‌ಗಳನ್ನೇ ವೈರ್‌ಲೆಸ್ ಆಗಿ ಜೋಡಿಸಬೇಕು. ನಿಂಟೆಂಡೊ ಲಾಬೋದ ರಟ್ಟಿನ ಆಟಿಕೆಗಳಲ್ಲಿ ಕೆಲವಕ್ಕೆ ಸ್ವಿಚ್ 2 ಹಿಡಿಸುವುದೇ ಇಲ್ಲ. ಪರದೆ ದೊಡ್ಡದಾಯಿತಲ್ಲ, ರಟ್ಟು ಹಿಗ್ಗುವುದಿಲ್ಲ!

ಸರ್ವರ್ ವಿಷಯ ಇನ್ನೂ ಕಟು. ನಿಂಟೆಂಡೊದ ವೀ ಕನ್ಸೋಲ್‌ನ ಆನ್‌ಲೈನ್ ಅಂಗಡಿ 2019ರ ಜನವರಿಯಲ್ಲಿ ಮುಚ್ಚಿತು. ವೀ ಯು ಮತ್ತು 3ಡಿಎಸ್ ಅಂಗಡಿಗಳಲ್ಲಿ 2023ರ ಮಾರ್ಚ್‌ಗೆ ಖರೀದಿ ನಿಂತಿತು. ಪಿಎಸ್ 3 ಅಂಗಡಿಯನ್ನು ಮುಚ್ಚುತ್ತೇವೆ ಎಂದು 2021ರಲ್ಲಿ ಹೇಳಿದ ಸೋನಿ ಜನರ ಗಲಾಟೆಗೆ ಮಣಿದು ಮುಂದಿನ ತಿಂಗಳೇ ಹಿಂದೆ ಸರಿಯಿತು. 360ರ ಅಂಗಡಿಯನ್ನು 2024ರ ಜುಲೈನಲ್ಲಿ ಮುಚ್ಚಿದರೂ, ಹೊಸ ಎಕ್ಸ್‌ಬಾಕ್ಸ್‌ಗಳಲ್ಲಿ ಓಡುವ 360 ಗೇಮ್‌ಗಳು ಅಲ್ಲಿನ ಅಂಗಡಿಯಲ್ಲಿ ಉಳಿದವು. ಹಳೆ ಗೇಮ್ ಹೊಸ ಯಂತ್ರಕ್ಕೆ ದಾಟಿದ್ದರೆ ಅದರ ಆಯುಸ್ಸು ಹೇಗೆ ಬೆಳೆಯುತ್ತದೆ ನೋಡಿ.

ಇಷ್ಟು ಗೊತ್ತಿದ್ದರೆ ಮುಂದಿನ ಪ್ರಕಟಣೆಗಳನ್ನು ಓದುವುದು ಸುಲಭ. "ಹಿಂದಿನ ಗೇಮ್‌ಗಳನ್ನು ಆಡಬಹುದು" ಎಂದಿದ್ದರೆ ಯಾವ ತಲೆಮಾರಿನವರೆಗೆ ಎಂದು ನೋಡಿ. ಪಿಎಸ್ 5 ಪಿಎಸ್ 4ರ ಹಿಂದೆ ಡಿಸ್ಕಿನಲ್ಲಿ ಹೋಗುವುದೇ ಇಲ್ಲ. "ಆಯ್ದ ಗೇಮ್‌ಗಳು" ಎಂದಿದ್ದರೆ ಒಂದು ಪಟ್ಟಿ ಇದೆ ಎಂದರ್ಥ, ನಿಮ್ಮ ಗೇಮ್ ಅದರಲ್ಲಿ ಇದೆಯೋ ಹುಡುಕಿ. "ಸ್ಟ್ರೀಮ್" ಎಂಬ ಪದ ಇದ್ದರೆ ಗೇಮ್ ಓಡುವುದು ನಿಮ್ಮ ಪೆಟ್ಟಿಗೆಯಲ್ಲಿ ಅಲ್ಲ. ನೆಟ್ ಇಲ್ಲದಿದ್ದರೆ ಗೇಮೂ ಇಲ್ಲ, ಚಂದಾ ಕಟ್ಟಬೇಕಾಗಿಯೂ ಬರಬಹುದು. ಬರೀ "ಲೈಬ್ರರಿ" ಎಂದಿದ್ದರೆ, ಅದು ನಿಮ್ಮ ಅಕೌಂಟಿನಲ್ಲಿ ಡಿಜಿಟಲ್ ಆಗಿ ಕೊಂಡ ಗೇಮ್‌ಗಳ ಬಗ್ಗೆ ಮಾತ್ರವೋ, ಡಿಸ್ಕಿಗೂ ಸೇರಿಯೋ ಎಂದು ಕೇಳಬೇಕು.

ಹಳೆ ಕನ್ಸೋಲ್ ಮಾರುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. ಗೇಮ್ ಮತ್ತೆ ಇಳಿಸಿಕೊಳ್ಳಬಹುದು, ನೂರು ಗಂಟೆ ಆಡಿದ ಸೇವ್ ಫೈಲ್ ಹಾಗಲ್ಲ. ಸ್ವಿಚ್‌ನ ಕೆಲವು ಗೇಮ್‌ಗಳು ಕ್ಲೌಡ್ ಸೇವ್‌ಗೆ ಅವಕಾಶವನ್ನೇ ಕೊಡುವುದಿಲ್ಲ, ಅವನ್ನು ಸಿಸ್ಟಂ ಟ್ರಾನ್ಸ್‌ಫರ್ ಮಾಡಿ ಸಾಗಿಸಬೇಕು. ಪಿಎಸ್ 4ರಿಂದ ಪಿಎಸ್ 5ಗೆ ಯುಎಸ್‌ಬಿ ಡ್ರೈವ್‌ನಲ್ಲೂ ಸೇವ್ ಒಯ್ಯಬಹುದು, ಚಂದಾ ಬೇಡ. ಹೊಸದರಲ್ಲಿ ಗೇಮ್ ತೆರೆದು, ಹಳೆ ಸೇವ್ ಲೋಡ್ ಮಾಡಿ, ಒಂದಿಷ್ಟು ಹೊತ್ತು ಆಡಿ ನೋಡಿ. ಆಮೇಲೆ ಹಳೆಯದನ್ನು ಅಳಿಸಿ.